ಒಪ್ಪುತ್ತಾ, ಬಾಳಿಕೆ ಬರುತ್ತಾ?

ಹೋದ ತಿಂಗಳು ಅಣ್ಣನ ಮನೆಯಲ್ಲಿ ಒಂದು ಕುರ್ತಾದ ಬಗ್ಗೆ ಮುಕ್ಕಾಲು ಗಂಟೆ ಮಾತು ನಡೆಯಿತು. ಕುರ್ತಾ ನನ್ನದು. ಆಗ ನನ್ನ ಮೈಮೇಲೇ ಇತ್ತು. ಕಂದು ಬಣ್ಣದ ಹತ್ತಿ ಬಟ್ಟೆ, ಮೊಣಕೈವರೆಗೆ ತೋಳು, ಬಲಗಡೆ ಒಂದು ಜೇಬು. ಕೈಮಗ್ಗದ ಬಟ್ಟೆ ಮಾರುವ ‘ದೇಸಿ’ ಅಂಗಡಿಯದ್ದು. ತಗೊಂಡು ನಾಲ್ಕು ವರ್ಷ ದಾಟಿದೆ.

ಅತ್ತಿಗೆ ಕಾಫಿ ಲೋಟ ಕೈಗಿಡುತ್ತಾ, "ಈ ಬಣ್ಣ ನಿನಗೆ ತುಂಬಾ ಒಪ್ಪುತ್ತೆ ನೋಡು" ಎಂದರು. ಸೋಫಾದಲ್ಲಿ ಮೊಬೈಲ್ ನೋಡುತ್ತಿದ್ದ ಅಣ್ಣನ ಮಗಳು ತಲೆ ಎತ್ತಿದಳು. "ಅತ್ತೆ, ನಿಮಗೆ ಸರಿ. ಆದ್ರೆ ನಾನು ಹಾಕ್ಕೊಂಡು ಹೋದ್ರೆ ಕ್ಲಾಸಲ್ಲಿ ಲೆಕ್ಚರರ್ ಬಂದ್ರು ಅಂತ ಎಲ್ಲರೂ ಎದ್ದು ನಿಲ್ತಾರೆ" ಅಂದಳು. ಅಣ್ಣ ರೇಟು ಕೇಳಿದ. ಹೇಳಿದೆ. "ಅಷ್ಟು ದುಡ್ಡಿಗೆ ಬೇರೆ ಕಡೆ ಮೂರು ಬರುತ್ತಲ್ಲ" ಅಂದ. ಸಾಗರದಿಂದ ಬಂದಿದ್ದ ದೊಡ್ಡಮ್ಮ ಮಾತ್ರ ಏನೂ ಹೇಳಲಿಲ್ಲ. "ಹತ್ರ ಬಾರೇ ಇಲ್ಲಿ" ಅಂತ ಕರೆದರು. ಕುರ್ತಾದ ಕೆಳಗಿನ ಅಂಚು ಹಿಡಿದು ಒಳಮಗ್ಗುಲು ತಿರುಗಿಸಿದರು. ಕನ್ನಡಕ ಹಣೆಗೆ ಏರಿಸಿ, ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರು ಓಡಿಸಿದರು. ಪಕ್ಕದ ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಅಂತ ಬೆರಳಲ್ಲೇ ಅಳೆದರು. "ಇನ್ನೂ ನಾಲ್ಕು ವರ್ಷ ಚಿಂತೆ ಇಲ್ಲ" ಅಂದು ಅಂಚು ಬಿಟ್ಟರು.

ಆಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು. ಕೈಮಗ್ಗ ಅಂದರೆ ಸುಮ್ನೆ ಹೆಸರು ಅಂತ ಒಬ್ಬರು, ಹಾಕಿ ನೋಡಿದ ಮೇಲೆ ಮಾತಾಡಿ ಅಂತ ಒಬ್ಬರು. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಅಲ್ಲಿ ಯಾರೂ ತಪ್ಪು ಹೇಳಿರಲಿಲ್ಲ. ಅತ್ತಿಗೆ ಮತ್ತು ಹುಡುಗಿ ಒಂದು ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು, ದೊಡ್ಡಮ್ಮ ಬೇರೆಯೇ ಪ್ರಶ್ನೆಗೆ. ಅಣ್ಣ ಎರಡನ್ನೂ ಸೇರಿಸಿ ದುಡ್ಡಿನಿಂದ ಭಾಗಿಸುತ್ತಿದ್ದ.

ಈ ಎರಡು ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಮೊದಲಿಂದಲೂ ಎರಡು ಮಾತಿವೆ. ಸೀರೆ ಅಂಗಡಿಗೆ ಹೋದರೆ ಅಮ್ಮ ಮೊದಲು ಕೇಳುತ್ತಿದ್ದದ್ದು "ಒಪ್ಪುತ್ತಾ?" ಅಂತ. ಹೆಗಲ ಮೇಲೆ ಸೆರಗು ಹಾಕಿ ಕನ್ನಡಿ ಕಡೆ ತಿರುಗಿಸುತ್ತಿದ್ದರು. ಆಮೇಲೆ ಅಂಗಡಿಯವರ ಕಡೆ ತಿರುಗಿ "ಬಾಳಿಕೆ ಬರುತ್ತೇನ್ರೀ?" ಅನ್ನುತ್ತಿದ್ದರು. ಒಪ್ಪುವುದು ಬಟ್ಟೆಗೂ ಹಾಕಿಕೊಂಡವರಿಗೂ ನಡುವೆ ಆಗುವ ಒಪ್ಪಂದ. ಅದು ಮೈಬಣ್ಣ, ವಯಸ್ಸು, ಹೋಗುವ ಜಾಗ, ಆ ದಿನದ ಮನಸ್ಸು ಎಲ್ಲಕ್ಕೂ ಸೇರಿದ್ದು. ಅದರಲ್ಲಿ ನಾಲ್ಕು ಜನಕ್ಕೆ ನಾಲ್ಕು ಅಭಿಪ್ರಾಯ ಇರಲೇಬೇಕು. ಬಾಳಿಕೆ ಹಾಗಲ್ಲ. ಬಾಳು ಅನ್ನುವ ಮಾತಿನಿಂದಲೇ ಬಂದ ಪದ ಅದು. ಬಟ್ಟೆ ನಮ್ಮ ಜೊತೆ ಎಷ್ಟು ದಿನ ಬಾಳುತ್ತೆ ಅನ್ನುವುದನ್ನು ತಿರುಗಿಸಿ ನೋಡಬಹುದು, ಎಳೆದು ನೋಡಬಹುದು, ಒಗೆದು ನೋಡಬಹುದು.

ಇಷ್ಟು ಗೊತ್ತಿದ್ದೂ ನಾವು ಈಗ ಎರಡನ್ನೂ ಕಲಸಿಬಿಡುತ್ತೇವೆ. "ಆ ಬ್ರ್ಯಾಂಡ್ ಚೆನ್ನಾಗಿಲ್ಲ" ಅನ್ನುತ್ತೇವೆ. ಏನು ಚೆನ್ನಾಗಿಲ್ಲ? ದೊಗಲೆಯಾಗಿದೆಯಾ, ಬಣ್ಣ ಬಿಡುತ್ತಾ, ಹೊಲಿಗೆ ಬಿಚ್ಚುತ್ತಾ, ರೇಟು ಜಾಸ್ತಿಯಾ? ಕೇಳಿದರೆ ಅರ್ಧ ಜನಕ್ಕೆ ಉತ್ತರ ಇರುವುದಿಲ್ಲ. ದೇಸಿ ಬಟ್ಟೆಗಳ ವಿಷಯದಲ್ಲಿ ಇದು ಇನ್ನೂ ಜಾಸ್ತಿ ಆಗುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಸಾಗರ ತಾಲ್ಲೂಕಿನ ಹೆಗ್ಗೋಡು ಅಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ನೀನಾಸಂ. 1949ರಲ್ಲಿ ಶುರುವಾದ ಆ ನಾಟಕ ಸಂಸ್ಥೆಯಿಂದ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಅದರ ಪಕ್ಕದಲ್ಲೇ ಭೀಮನಕೋಣೆ ಎಂಬ ಹಳ್ಳಿ. ರಂಗಕರ್ಮಿ ಪ್ರಸನ್ನ ಅಲ್ಲಿ ನೆಲೆಸಿ, 1990ರ ದಶಕದಲ್ಲಿ ಹಳ್ಳಿ ಹೆಂಗಸರ ಜೊತೆ ‘ಚರಕ’ ಎಂಬ ಸಹಕಾರ ಸಂಘ ಕಟ್ಟಿದರು. ನೂಲಿಗೆ ಬಣ್ಣ ಹಾಕುವುದು, ಮಗ್ಗದಲ್ಲಿ ನೇಯುವುದು, ಅಚ್ಚು ಒತ್ತುವುದು, ಹೊಲಿಯುವುದು ಎಲ್ಲ ಅಲ್ಲೇ. ಆ ಬಟ್ಟೆ ಮಾರಲು ಹುಟ್ಟಿದ ಹೆಸರು ‘ದೇಸಿ’. ಇಳಕಲ್, ಗುಳೇದಗುಡ್ಡದ ಕಡೆ ನೇಯ್ಗೆ ತಲೆತಲಾಂತರದಿಂದ ಬಂದ ಕಸುಬು. ಮಲೆನಾಡಿನಲ್ಲಿ ಹಾಗಿಲ್ಲ. ಇಲ್ಲಿನ ಹೆಂಗಸರಿಗೆ ಗೊತ್ತಿದ್ದದ್ದು ತೋಟದ ಕೆಲಸ, ಗದ್ದೆ ಕೆಲಸ. ಅವರು ದೊಡ್ಡವರಾದ ಮೇಲೆ ಮಗ್ಗದ ಮುಂದೆ ಕೂತು ಕಲಿತವರು. ಇದು ನನಗೆ ದೊಡ್ಡ ವಿಷಯ ಅನಿಸುತ್ತದೆ.

ನನ್ನ ಕುರ್ತಾದ ಕಂದು ಬಣ್ಣ ಅಡಿಕೆ ಚೊಗರಿನದು. ಮಲೆನಾಡಿನವರಿಗೆ ಚೊಗರು ಅಂದರೆ ವಿವರಿಸಬೇಕಾಗಿಲ್ಲ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದಾಗ ನೀರು ಕೆಂಪಗೆ ಮಂದವಾಗುತ್ತಲ್ಲ, ಅದು. ನನ್ನ ಬಾಲ್ಯದಲ್ಲಿ ಅಡಿಕೆ ಕೊಯ್ಲಿನ ಹೊತ್ತಿಗೆ ದೊಡ್ಡಮ್ಮನ ಮನೆ ಜಗಲಿಯಲ್ಲಿ ರಾತ್ರಿ ಹತ್ತರವರೆಗೂ ಸುಲಿಯುತ್ತಿದ್ದರು. ಸಾಲಾಗಿ ಮೆಟ್ಟುಗತ್ತಿ, ಸಾಲಾಗಿ ಹೆಂಗಸರು. ಅವರ ಬೆರಳ ತುದಿ, ಉಗುರಿನ ಸಂದಿ ಕಪ್ಪಾಗಿರುತ್ತಿತ್ತು. ಎಷ್ಟು ಉಜ್ಜಿದರೂ ವಾರಗಟ್ಟಲೆ ಹೋಗುತ್ತಿರಲಿಲ್ಲ. ಒಂದು ಸಲ ನನ್ನ ಹಳದಿ ಫ್ರಾಕಿಗೆ ಚೊಗರು ತಾಗಿ ಅಮ್ಮನಿಂದ ಬೈಸಿಕೊಂಡಿದ್ದೆ. "ಚೊಗರಿನ ಕಲೆ ಬಟ್ಟೆ ಹರಿದರೂ ಹೋಗಲ್ಲ" ಅಂದಿದ್ದರು. ಆ ಹೋಗದ ಕಲೆಯನ್ನೇ ಬಣ್ಣ ಮಾಡಿಕೊಂಡವರ ಬುದ್ಧಿಗೆ ನಾನು ಕೈಮುಗಿಯುತ್ತೇನೆ. ಚೊಗರಿನಲ್ಲಿ ಟ್ಯಾನಿನ್ ಅನ್ನುವ ಒಗರಿನ ಅಂಶ ತುಂಬಾ ಇರುತ್ತದೆ. ಅದು ಹತ್ತಿ ನೂಲನ್ನು ಹಿಡಿದುಕೊಳ್ಳುತ್ತದೆ. ಪಟಿಕ ಹಾಕಿದರೆ ಇನ್ನೂ ಗಟ್ಟಿ ಹಿಡಿಯುತ್ತದೆ. ಕಬ್ಬಿಣದ ಅಂಶ ಸೇರಿದರೆ ಕಪ್ಪಿನ ಕಡೆ ತಿರುಗುತ್ತದೆ. ಸುಲಿಯುವವರ ಬೆರಳು ಕಪ್ಪಾಗುವುದಕ್ಕೂ ಕತ್ತಿಯ ಕಬ್ಬಿಣಕ್ಕೂ ನಂಟಿರಬೇಕು ಅಂತ ನನಗೆ ಹೊಳೆದದ್ದು ಈಚೆಗೆ.

ಹಾಗಾದರೆ ನೈಸರ್ಗಿಕ ಬಣ್ಣ ಮಾಸುತ್ತೆ ಅಂತ ಜನ ಯಾಕೆ ದೂರುತ್ತಾರೆ? ದೂರು ಸುಳ್ಳಲ್ಲ. ಕಾರ್ಖಾನೆ ಬಣ್ಣ ಹಾಕಿದ ಬಟ್ಟೆಗಿಂತ ಇವು ಬೇಗ ತಿಳಿಯಾಗುತ್ತವೆ. 1956ರಲ್ಲಿ ಹತ್ತಿಯ ಎಳೆಯ ಜೊತೆಗೇ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣಗಳು ಮಾರುಕಟ್ಟೆಗೆ ಬಂದವು. ರಿಯಾಕ್ಟಿವ್ ಬಣ್ಣ ಅನ್ನುತ್ತಾರೆ. ಅವು ಬಂದ ಮೇಲೆ ನಮ್ಮ ಕಣ್ಣಿಗೆ ಬಣ್ಣ ಅಂದರೆ ಅಲ್ಲಾಡದೆ ನಿಲ್ಲುವ ಬಣ್ಣ ಅಂತಲೇ ಆಯಿತು. ಆ ಅಳತೆಗೋಲು ಹಿಡಿದು ಚೊಗರು ಬಣ್ಣದ ಬಟ್ಟೆ ನೋಡಿದರೆ ಅದು ಸೋಲುತ್ತದೆ.

ಆದರೆ ಇಲ್ಲಿ ಇನ್ನೊಂದು ಮಾತಿದೆ. ಮದುವೆ ಮನೆಯ ಆರತಿ ತಟ್ಟೆ ನೆನಪಿಸಿಕೊಳ್ಳಿ. ನೀರಿಗೆ ಅರಿಶಿನ ಹಾಕಿದಾಗ ಹಳದಿ. ಚಿಟಿಕೆ ಸುಣ್ಣ ಬಿದ್ದ ಕೂಡಲೇ ಕೆಂಪು. ಗಿಡಮರದ ಬಣ್ಣ ಹಾಗೇ. ಸುಣ್ಣ, ಸೋಡಾ, ಹುಳಿ ತಾಗಿದರೆ ತಿರುಗುತ್ತದೆ. ಬಟ್ಟೆ ಸೋಪಿನ ಪುಡಿಯಲ್ಲಿ ಸೋಡಾ ಇರುತ್ತದೆ. ಪುಡಿ ಸುರಿದು ಅರ್ಧ ಗಂಟೆ ನೆನೆಸಿಟ್ಟು, ಆಮೇಲೆ ಮಧ್ಯಾಹ್ನದ ಬಿಸಿಲಿಗೆ ತಾರಸಿ ಮೇಲೆ ಹರವಿದರೆ ಆ ಬಟ್ಟೆ ಏನು ಮಾಡಬೇಕು ಹೇಳಿ. ನಾನು ತಣ್ಣೀರಿನಲ್ಲಿ ಅಂಟುವಾಳದ ಪುಡಿ ಹಾಕಿ ಕೈಯಲ್ಲಿ ಒಗೆಯುತ್ತೇನೆ. ಒಳಮಗ್ಗುಲು ತಿರುಗಿಸಿ ನೆರಳಲ್ಲಿ ಹಾಕುತ್ತೇನೆ. ಹಾಗೆ ಮಾಡಿದರೂ ನಾಲ್ಕು ವರ್ಷಕ್ಕೆ ಬಣ್ಣ ತಿಳಿಯಾಗಿದೆ. ಹೊಸದಾಗಿದ್ದಾಗ ಒಣ ಅಡಿಕೆಯ ಬಣ್ಣ, ಈಗ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ನನಗೆ ಈಗಿನದೇ ಇಷ್ಟ. ಆದರೆ ವಾಷಿಂಗ್ ಮಷಿನ್ನಿಗೆ ಎಲ್ಲ ಒಟ್ಟಿಗೆ ಹಾಕಿ ಆಫೀಸಿಗೆ ಓಡಬೇಕಾದ ಹೆಂಗಸಿಗೆ ನಾನು ಈ ಉಪದೇಶ ಮಾಡಲಾರೆ. ಬೆಳಗ್ಗೆ ಐದಕ್ಕೆ ಎದ್ದು ಎರಡು ಡಬ್ಬಿ ಕಟ್ಟಿ ಬಸ್ಸು ಹಿಡಿಯುವವರಿಗೆ ಅಂಟುವಾಳ ನೆನೆಸಲು ಪುರುಸೊತ್ತು ಎಲ್ಲಿ? ಅವರು "ಈ ಬಟ್ಟೆ ನನಗೆ ಆಗಲ್ಲ" ಅಂದರೆ ಆ ಮಾತಿಗೆ ಪೂರ್ತಿ ಬೆಲೆ ಇದೆ. ಬಾಳಿಕೆಯ ಅರ್ಧ ಒಗೆಯುವ ಕೈಯಲ್ಲಿದೆ ಅಂದಮೇಲೆ, ಆ ಕೈಗೆ ಎಷ್ಟು ಹೊತ್ತು ಸಿಗುತ್ತೆ ಅನ್ನುವುದೂ ಲೆಕ್ಕಕ್ಕೆ ಬರಬೇಕು.

ಮಾಸುವುದು ಬೇರೆ, ಬಣ್ಣ ಬಿಡುವುದು ಬೇರೆ. ಇದನ್ನು ನಾನು ಕಲಿತದ್ದು ಬೇರೊಂದು ಕುರ್ತಾದಿಂದ. ಒಂದು ಮೇಳದಲ್ಲಿ ಮಳಿಗೆ ಹಾಕಿದ್ದವರಿಂದ ಕೊಂಡದ್ದು. ಹೆಸರು ಬೇಡ. ಕಡು ನೀಲಿ, ಮೇಲೆ ಬಿಳಿ ಹೂವಿನ ಅಚ್ಚು. ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತ್ತು. ಮೊದಲ ದಿನ ಹಾಕಿಕೊಂಡು ಹೋದಾಗ ಸಂಜೆ ಹೊತ್ತಿಗೆ ಕೈಚೀಲದ ಪಟ್ಟಿ ನೀಲಿ, ಕತ್ತು ನೀಲಿ. ಒಗೆದಾಗ ಬಕೆಟ್ಟಿನ ನೀರು ಶಾಯಿಯಂತಾಯಿತು. ಎರಡನೇ ಸಲ, ಮೂರನೇ ಸಲ, ಐದನೇ ಸಲವೂ ಹಾಗೇ. ಆರನೇ ಒಗೆತಕ್ಕೆ ಕಂಕುಳ ಹೊಲಿಗೆ ಬಿಟ್ಟುಕೊಂಡಿತು.

ಊರಿಗೆ ಹೋಗುವಾಗ ಅದನ್ನು ದೊಡ್ಡಮ್ಮನಿಗೆ ತೋರಿಸಲು ಚೀಲಕ್ಕೆ ಹಾಕಿಕೊಂಡೆ. ಅವರು ಸಾಗರದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಕ್ಕಪಕ್ಕದವರಿಗೆಲ್ಲ ರವಿಕೆ, ಲಂಗ, ಚೂಡಿದಾರ ಹೊಲಿದುಕೊಟ್ಟವರು. ಟ್ಯೂಬ್‌ಲೈಟಿನ ಕೆಳಗೆ ಕುರ್ತಾವನ್ನು ಪೂರ್ತಿ ಒಳಮಗ್ಗುಲು ಮಾಡಿ ಮಂಚದ ಮೇಲೆ ಹರವಿದರು. ಮೊದಲು ತೋರುಬೆರಳು ಒದ್ದೆ ಮಾಡಿಕೊಂಡು ಮೂಲೆಯಲ್ಲಿ ಉಜ್ಜಿದರು. ಬೆರಳು ನೀಲಿಯಾಯಿತು. "ನೀಲಿ ಸ್ವಲ್ಪ ಬಿಡೋದು ಸಹಜ. ಇದು ತೊಳೀದೇ ಮಾರಿದ್ದು" ಅಂದರು. ಅದು ಸರಿಯಾದ ಮಾತು. ಇಂಡಿಗೊ ಅನ್ನುವ ಈ ನೀಲಿ ಬಣ್ಣ ತಾನಾಗಿ ನೀರಿನಲ್ಲಿ ಕರಗುವುದಿಲ್ಲ. ತೊಟ್ಟಿಯಲ್ಲಿ ಹುದುಗಿಸಿ ಕರಗುವಂತೆ ಮಾಡುತ್ತಾರೆ. ಅದ್ದಿ ತೆಗೆದಾಗ ಬಟ್ಟೆ ಹಳದಿ ಹಸಿರಾಗಿರುತ್ತದೆ. ಗಾಳಿ ತಾಗಿದ ಮೇಲೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಆ ನೀಲಿ ನೂಲಿನ ಮೇಲ್ಮೈಯಲ್ಲಿ ಕೂತಿರುತ್ತದೆ. ಜೀನ್ಸ್ ಪ್ಯಾಂಟೂ ಅದಕ್ಕೇ ಉಜ್ಜಿದ ಕಡೆ ಬೆಳ್ಳಗಾಗುವುದು. ಹೆಚ್ಚಾಗಿ ಕೂತ ಬಣ್ಣವನ್ನು ಚೆನ್ನಾಗಿ ತೊಳೆದು ತೆಗೆದ ಮೇಲೆ ಮಾರಬೇಕು. ಆ ಕೊನೆಯ ತೊಳೆತಕ್ಕೆ ನೀರು, ಕೂಲಿ, ಒಂದೆರಡು ದಿನ ಬೇಕು. ಅಲ್ಲೇ ಉಳಿತಾಯ ಮಾಡಿದ್ದರು.

ಆಮೇಲೆ ಹೊಲಿಗೆ. ಒಂದಿಂಚಿಗೆ ಎಷ್ಟು ಹೊಲಿಗೆ ಬಿದ್ದಿದೆ ಅಂತ ಉಗುರಲ್ಲಿ ಎಣಿಸಿದರು. ಆರು, ಏಳು. "ಇದು ಹೊಲಿಗೆಯಲ್ಲ, ಟಾಕು" ಅಂದರು. ಬಟ್ಟೆಯ ಎರಡೂ ಕಡೆ ಹಿಡಿದು ಮೆತ್ತಗೆ ಜಗ್ಗಿದರು. ಹೊಲಿಗೆಯ ಗೆರೆಯಲ್ಲಿ ಏಣಿ ಮೆಟ್ಟಿಲಿನ ಹಾಗೆ ದಾರ ಕಾಣಿಸಿತು. ಒಳಗೆ ಅಂಚಿನ ನೂಲು ಬಿಚ್ಚದಂತೆ ಓವರ್‌ಲಾಕ್ ಹಾಕಿದ್ದರು. ಆದರೆ ಅದರ ಅಂಚಿಗೂ ಹೊಲಿಗೆಗೂ ನಡುವೆ ಕಾಲಿಂಚು ಬಟ್ಟೆಯೂ ಇರಲಿಲ್ಲ. ದೊಡ್ಡಮ್ಮನ ಮುಖದಲ್ಲಿ ಬೇಜಾರಾದದ್ದು ಅದಕ್ಕೆ. "ಒಳಗೆ ಬಟ್ಟೆ ಬಿಟ್ಟಿದ್ರೆ ನಾನೇ ಸರಿ ಮಾಡಿಕೊಡ್ತಿದ್ದೆ. ಇದಕ್ಕೆ ಏನು ಮಾಡ್ಲಿ ಮಾರಾಯ್ತಿ?"

ನಮ್ಮ ಕಡೆ ಹುಡುಗಿಯರಿಗೆ ಬಟ್ಟೆ ಹೊಲಿಯಲು ಕೊಡುವಾಗ ಅಮ್ಮಂದಿರು ತಪ್ಪದೆ ಹೇಳುವ ಮಾತೊಂದಿದೆ. "ಬೆಳೆಯೋ ಹುಡುಗಿ, ಒಳಗೆ ಬಟ್ಟೆ ಬಿಟ್ಟು ಹೊಲೀರಿ." ನನ್ನ ರವಿಕೆಗಳಲ್ಲಿ ಮೂರು ಸಾಲು ಹೊಲಿಗೆ ಇರುತ್ತಿತ್ತು. ವರ್ಷಕ್ಕೊಂದು ಸಾಲು ಬಿಚ್ಚುತ್ತಿದ್ದರು. ಮಾಲು ಕೊಳ್ಳುವಾಗ ಬ್ರ್ಯಾಂಡ್ ಹೆಸರಿಗಿಂತ ಮೊದಲು ನಾನು ಈಗ ನೋಡುವುದು ಆ ಒಳಗಿನ ಬಟ್ಟೆ. ಒಳಗೆ ಒಂದಿಂಚು ಬಿಟ್ಟು ಹೊಲಿದವರು, ಕೊಂಡವಳ ಮೈ ಬದಲಾಗುತ್ತೆ, ಬಾಣಂತನ ಬರುತ್ತೆ, ವಯಸ್ಸಾಗುತ್ತೆ ಅಂತ ಯೋಚಿಸಿದವರು. ಕತ್ತರಿಸುವಾಗ ಆ ಇಂಚು ಬಿಡದೆ ಉಳಿಸಿದರೆ ಸಾವಿರ ಕುರ್ತಾಕ್ಕೆ ಎಷ್ಟೋ ಮೀಟರ್ ಬಟ್ಟೆ ಮಿಗುತ್ತದೆ. ಯಾರು ಉಳಿಸುತ್ತಾರೆ, ಯಾರು ಬಿಡುತ್ತಾರೆ ಅನ್ನುವುದು ಅಂಗಡಿಯ ದೀಪದಡಿ ಗೊತ್ತಾಗುವುದಿಲ್ಲ. ತಿರುಗಿಸಿದರೆ ಗೊತ್ತಾಗುತ್ತದೆ.

ಮುಟ್ಟಿ ನೋಡುವುದರ ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ನಾವು ಬೆರಳಲ್ಲಿ ಸವರಿ "ಮೃದುವಾಗಿದೆ, ಒಳ್ಳೇ ಬಟ್ಟೆ" ಅನ್ನುತ್ತೇವೆ. ಹೊಸ ಕೈಮಗ್ಗದ ಬಟ್ಟೆ ಬಿರುಸಾಗಿರುವುದು ಗಂಜಿಯಿಂದ. ಹಾಸಿನ ನೂಲು, ಅಂದರೆ ಉದ್ದಕ್ಕೆ ಹೂಡುವ ನೂಲು, ಮಗ್ಗದಲ್ಲಿ ತುಂಡಾಗದಿರಲಿ ಅಂತ ಗಂಜಿ ಹಾಕುತ್ತಾರೆ. ನಾಲ್ಕು ನೀರು ಕಂಡ ಮೇಲೆ ಅದು ಹೋಗಿ ಬಟ್ಟೆ ಮೆತ್ತಗಾಗುತ್ತದೆ. ಇನ್ನು ಕೆಲವು ಬಟ್ಟೆ ಮೊದಲ ದಿನವೇ ಬೆಣ್ಣೆಯಂತಿರುತ್ತದೆ. ಅದು ಮೆದುಗೊಳಿಸಲು ಹಾಕಿದ ರಾಸಾಯನಿಕದ ಕೆಲಸವೂ ಇರಬಹುದು. ಒಗೆತಕ್ಕೆ ಅದು ಹೊರಟುಹೋದ ಮೇಲೆ ಉಳಿಯುವುದೇ ನಿಜವಾದ ಬಟ್ಟೆ. ಹಾಗೆಯೇ ನೂಲಿನ ಕೌಂಟ್. ಒಂದು ಪೌಂಡ್ ನೂಲಿನಲ್ಲಿ 840 ಗಜದ ಎಷ್ಟು ಲಡಿ ಬರುತ್ತೋ ಅಷ್ಟು ಕೌಂಟ್. ಸಂಖ್ಯೆ ಜಾಸ್ತಿಯಾದಷ್ಟೂ ನೂಲು ಸಣ್ಣ. ಸಣ್ಣ ನೂಲಿನ ಬಟ್ಟೆ ನವುರು, ಆದರೆ ದಿನಾ ಹಾಕಿ ಉಜ್ಜಾಡುವ ಕುರ್ತಾಕ್ಕೆ ಸ್ವಲ್ಪ ದಪ್ಪ ನೂಲೇ ವಾಸಿ. ದಪ್ಪಗಿದೆ ಅಂತ ಕೀಳು ಅಲ್ಲ.

ಇನ್ನೊಂದು ಗೊಂದಲ ಖಾದಿಯದು. ಕೈಯಲ್ಲಿ ನೂತು ಕೈಯಲ್ಲಿ ನೇಯ್ದರೆ ಖಾದಿ. ಮಿಲ್ಲಿನ ನೂಲು ತಂದು ಕೈಯಲ್ಲಿ ನೇಯ್ದರೆ ಕೈಮಗ್ಗ. ಎರಡೂ ಒಂದೇ ಅಂದುಕೊಂಡು ಹೋಲಿಸುವುದರಿಂದಲೂ ಎಷ್ಟೋ ವಾದ ಹುಟ್ಟುತ್ತದೆ.

ಈಗ ಸ್ಟೈಲಿನ ವಿಷಯಕ್ಕೆ ಬರುತ್ತೇನೆ. ಅಣ್ಣನ ಮಗಳ ಮಾತು ನನಗೆ ತುಂಬಾ ದಿನ ತಲೆಯಲ್ಲಿ ಉಳಿಯಿತು. ಕರ್ನಾಟಕದಲ್ಲಿ ಕೈಮಗ್ಗದ ಜುಬ್ಬಾ, ಕುರ್ತಾ, ಹೆಗಲಿಗೊಂದು ಬಟ್ಟೆ ಚೀಲ ಅಂದರೆ ಒಂದು ಚಿತ್ರ ಕಟ್ಟಿಬಿಟ್ಟಿದೆ. ನಾಟಕದವರು, ಸಾಹಿತಿಗಳು, ಚಳವಳಿಯವರು, ಮೇಷ್ಟ್ರುಗಳು. "ಬುದ್ಧಿಜೀವಿ ಡ್ರೆಸ್ಸು" ಅಂತಲೇ ಕರೆಯುವವರಿದ್ದಾರೆ. ಆ ಚಿತ್ರದೊಳಗೆ ಹತ್ತೊಂಬತ್ತು ವರ್ಷದ ಹುಡುಗಿಗೆ ಜಾಗ ಇಲ್ಲ. ಅವಳು ಬಟ್ಟೆಯನ್ನು ಬೇಡ ಅನ್ನುತ್ತಿಲ್ಲ, ಆ ವೇಷವನ್ನು ಬೇಡ ಅನ್ನುತ್ತಿದ್ದಾಳೆ. ಇದನ್ನು ಈಗಿನ ಹುಡುಗಿಯರಿಗೆ ಬೆಲೆ ಗೊತ್ತಿಲ್ಲ ಅಂತ ತಳ್ಳಿಹಾಕುವುದು ತಪ್ಪು. ಕೈಮಗ್ಗ ಉಳಿಯಬೇಕಾದರೆ ಮುಂದಿನ ಮೂವತ್ತು ವರ್ಷ ಕೊಳ್ಳುವವರು ಅವರೇ ಅಲ್ವಾ?

ಬಣ್ಣ ಕಡಿಮೆ ಅಂತಲೂ ಅವಳ ದೂರು. ಚೊಗರು, ನೀಲಿ, ದಾಳಿಂಬೆ ಸಿಪ್ಪೆ, ಇಂಥವುಗಳಿಂದ ಕಣ್ಣು ಕುಕ್ಕುವ ಗುಲಾಬಿ ಬರುವುದಿಲ್ಲ. ಬರುವುದು ಮಣ್ಣಿನ, ಎಲೆಯ, ಮೋಡದ ಬಣ್ಣಗಳು. ನನಗೆ ಅದು ಹಬ್ಬ. ಅವಳಿಗೆ ಮಂಕು. ಇದರಲ್ಲಿ ತೀರ್ಪು ಕೊಡಲು ಏನೂ ಇಲ್ಲ.

ದೊಗಲೆ ಅನ್ನುವ ಮಾತಿಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಹಳೇ ಕಾಲದ ಕುರ್ತಾ, ಜುಬ್ಬಾಗಳನ್ನು ಉದ್ದುದ್ದ ನೇರ ತುಂಡುಗಳಿಂದಲೇ ಕತ್ತರಿಸುತ್ತಿದ್ದರು. ಕಂಕುಳಲ್ಲಿ ಒಂದು ಸಣ್ಣ ಚೌಕ ತುಂಡು ಸೇರಿಸಿದರೆ ಕೈ ಎತ್ತಲು ಸಲೀಸು. ಮಗ್ಗದ ಬಟ್ಟೆಯ ಅಗಲಕ್ಕೆ ತಕ್ಕಂತೆ, ಚೂರೂ ಹಾಳಾಗದ ಹಾಗೆ ಹುಟ್ಟಿದ ಕತ್ತರಿ ಅದು. ಸೆಕೆಯ ಊರಿಗೆ ಗಾಳಿ ಆಡುವ ಬಟ್ಟೆ. ಈಗಿನ ಕಣ್ಣು ಮೈಗೆ ಕೂತ ಬಟ್ಟೆಗೆ ಒಗ್ಗಿದೆ. ಮೈಗೆ ಕೂರಬೇಕಾದರೆ ಮೈಯ ಅಳತೆ ಗೊತ್ತಿರಬೇಕು. ನಮ್ಮ ದೇಶದ ಮೈಯ ಅಳತೆಯೇ ಸರಿಯಾಗಿ ಬರೆದಿಟ್ಟಿರಲಿಲ್ಲ. ಬಹಳ ಬ್ರ್ಯಾಂಡುಗಳು ಅಮೆರಿಕ, ಇಂಗ್ಲೆಂಡಿನ ಪಟ್ಟಿಯನ್ನೇ ಅಲ್ಪಸ್ವಲ್ಪ ತಿದ್ದಿ ಬಳಸುತ್ತಿದ್ದವು. ಅದಕ್ಕೇ ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್‌ನವರು ಆರು ನಗರಗಳಲ್ಲಿ ಸುಮಾರು 25,000 ಜನರ ಮೈಯಳತೆ ತೆಗೆಯುವ ಯೋಜನೆ ಹಾಕಿಕೊಂಡರು. ಅದರಲ್ಲಿ ಬೆಂಗಳೂರೂ ಒಂದು. ಒಂದು ಅಂಗಡಿಯಲ್ಲಿ ನಾನು ಎಂ, ಇನ್ನೊಂದರಲ್ಲಿ ಎಕ್ಸ್‌ಎಲ್. ಎಂಥ ಹೆಂಗಸಿಗೂ ಟ್ರಯಲ್ ರೂಮಿನಲ್ಲಿ ಎಕ್ಸ್‌ಎಲ್ ಕೈಗೆ ಬಂದಾಗ ಮನಸ್ಸು ಚುಳ್ ಅನ್ನುತ್ತದೆ. ಆ ನೋವು "ಈ ಬ್ರ್ಯಾಂಡ್ ಚೆನ್ನಾಗಿಲ್ಲ" ಅಂತ ಹೊರಗೆ ಬರುತ್ತದೆ. ಎಷ್ಟೋ ಅಭಿಪ್ರಾಯಗಳ ಬೇರು ಅಲ್ಲಿದೆ ಅಂತ ನನಗೆ ಅನಿಸಿದೆ. ದೊಗಲೆ ಕುರ್ತಾ ಆ ಮಟ್ಟಿಗೆ ಕರುಣೆ ಉಳ್ಳದ್ದು. ಹೆತ್ತು ಎರಡು ತಿಂಗಳಾದ ನನ್ನ ಗೆಳತಿಯೊಬ್ಬಳು, "ನನ್ನ ಮೈ ಬಗ್ಗೆ ಏನೂ ಕೇಳದ ಬಟ್ಟೆ ಇದೊಂದೇ" ಅಂದಿದ್ದಳು.

ಇನ್ನು ಅಣ್ಣ ಕೇಳಿದ ರೇಟು. ಕೈಮಗ್ಗದಲ್ಲಿ ದಿನವಿಡೀ ಕೂತರೂ ಬರುವುದು ಕೆಲವೇ ಮೀಟರ್. ಅದಕ್ಕೆ ಮುಂಚೆ ನೂಲು ಕುದಿಸಿ, ಬಣ್ಣ ಹಾಕಿ, ಒಣಗಿಸಿ, ಹಾಸು ಹೂಡಬೇಕು. ಅದರ ಕೂಲಿ ನ್ಯಾಯವಾಗಿ ಕೊಟ್ಟರೆ ಬಟ್ಟೆ ಅಗ್ಗಕ್ಕೆ ಬರುವುದಿಲ್ಲ. ಕೊಡದಿದ್ದರೆ ಬರುತ್ತದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈ ಉತ್ಪನ್ನಗಳಿಗೆ ತೆರಿಗೆ ಬೇಡ ಅಂತ ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತಿದ್ದರು. 2020ರಲ್ಲಿ, ಕೊರೋನಾ ವರ್ಷದಲ್ಲಿ, ಚರಕ ತಾನು ದಿವಾಳಿಯಾಗಿದ್ದೇನೆ ಅಂತ ಜನರ ಮುಂದೆ ಹೇಳಿಕೊಳ್ಳಬೇಕಾಯಿತು. ಆ ಸುದ್ದಿ ಓದಿದ ದಿನ ನಾನು ಬೀರು ತೆಗೆದು ನನ್ನ ಹತ್ತಿರ ಇದ್ದ ಅವರ ಬಟ್ಟೆಗಳನ್ನು ಹೊರಗಿಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂತಿದ್ದೆ. ಮೂರು ಕುರ್ತಾ, ಒಂದು ಸೀರೆ. ಹಾಗಂತ ಕಷ್ಟದಲ್ಲಿದ್ದಾರೆ ಅನ್ನುವ ಕಾರಣಕ್ಕೆ ಒಪ್ಪದ ಬಟ್ಟೆಯನ್ನು ಯಾರೂ ಕೊಳ್ಳಬೇಕಾಗಿಲ್ಲ. ಕನಿಕರಕ್ಕೆ ಕೊಂಡ ಬಟ್ಟೆ ಬೀರುವಿನಲ್ಲೇ ಉಳಿಯುತ್ತದೆ. ನೇಯ್ದವಳಿಗೆ ಅದರಿಂದ ಒಂದು ಸಲದ ಕೂಲಿ ಸಿಕ್ಕೀತು, ಎರಡನೇ ಸಲಕ್ಕೆ ಯಾರೂ ಬರುವುದಿಲ್ಲ. ಆದರೆ ಬೇಡ ಅನ್ನುವಾಗ ಯಾವುದು ಬೇಡ ಅಂತ ಬಿಡಿಸಿ ಹೇಳೋಣ. ಕತ್ತಿನ ಆಕಾರ ಹಿಡಿಸಲಿಲ್ಲ ಅಂದರೆ ಕತ್ತಿನ ಆಕಾರ ಅಂತಲೇ ಹೇಳೋಣ. ಹೊಲಿಯುವವರು ಅದನ್ನು ಬದಲಿಸಬಲ್ಲರು. "ಕ್ವಾಲಿಟಿ ಸರಿ ಇಲ್ಲ" ಅಂತ ಒಟ್ಟಾರೆ ಹೇಳಿದರೆ ಅವರು ಏನನ್ನು ತಿದ್ದಿಕೊಳ್ಳಬೇಕು?

ಮೊನ್ನೆ ಭಾನುವಾರ ಮತ್ತೆ ಅಣ್ಣನ ಮನೆಗೆ ಹೋಗಿದ್ದೆ. ದೊಡ್ಡಮ್ಮ ಇನ್ನೂ ಅಲ್ಲೇ ಇದ್ದರು. ಹುಡುಗಿಗೆ ಮಂಗಳೂರಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ. ಅಲ್ಲಿನ ಸೆಕೆಗೆ ಏನು ಹಾಕಿಕೊಳ್ಳುವುದು ಅಂತ ಬೀರು ಮುಂದೆ ನಿಂತಿದ್ದಳು. "ಅತ್ತೆ, ಆ ಲೆಕ್ಚರರ್ ಕುರ್ತಾ ಕೊಡ್ತೀರಾ?" ಅಂತ ಕೇಳಿದಳು. "ಆದ್ರೆ ತೋಳು ತೆಗೀಬೇಕು. ಕಾಲರ್ ಬೇಡ. ಮತ್ತೆ ನನಗೆ ಎದೆ ಹತ್ರ ಸ್ವಲ್ಪ ಬಿಗಿ ಆಗುತ್ತೆ." ನಾನು ಅವಳಿಗಿಂತ ಸಣಕಲು. ದೊಡ್ಡಮ್ಮ ಆಗಲೇ ಅತ್ತಿಗೆಯ ಹೊಲಿಗೆ ಡಬ್ಬಿಯಿಂದ ಸಣ್ಣ ಕತ್ತರಿ ತೆಗೆದಿದ್ದರು.

ಕಿಟಕಿ ಹತ್ತಿರ ಕೂತು ಪಕ್ಕದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರು. ದಾರ ತುಂಡಾಗದೆ ಉದ್ದಕ್ಕೂ ಬಂತು. ಮಡಿಕೆ ಬಿಡಿಸಿ ಬಟ್ಟೆಯನ್ನು ತೊಡೆ ಮೇಲೆ ಸವರಿದಾಗ ನಾವು ಮೂವರೂ ಬಗ್ಗಿ ನೋಡಿದೆವು. ನಾಲ್ಕು ವರ್ಷ ಒಳಗೆ ಅಡಗಿದ್ದ ಆ ಒಂದಿಂಚು ಬಟ್ಟೆ ಹೊಸದರ ಬಣ್ಣದಲ್ಲೇ ಇತ್ತು. ಒಣ ಅಡಿಕೆಯ ಕಡು ಕಂದು. ಅದರ ಪಕ್ಕದಲ್ಲಿ ಬಿಸಿಲು ಕಂಡ ತಿಳಿ ಕಂದು. ಕಂಕುಳಿಂದ ಅಂಚಿನವರೆಗೆ ಗೀಟು ಎಳೆದ ಹಾಗೆ.

"ಹೊಸ ಹೊಲಿಗೆ ಹಾಕಿದ್ರೂ ಈ ಗೆರೆ ಹೊರಗೆ ಕಾಣುತ್ತೆ ಮಗಾ. ಎರಡು ಬಣ್ಣ ಆಗುತ್ತೆ. ಪರವಾಗಿಲ್ವಾ?" ಅಂತ ದೊಡ್ಡಮ್ಮ ಕೇಳಿದರು.

ಅವಳು ಆ ಗೆರೆಯ ಮೇಲೆ ಬೆರಳಾಡಿಸಿದಳು. "ಇದು ಕಾಣ್ಲಿ ದೊಡ್ಡಜ್ಜಿ. ಆ ಕಡೆನೂ ಹೀಗೇ ಬಿಚ್ಚಿ" ಅಂದಳು.